ವಿಡಿಯೊ ನೋಡುತ್ತಾರೆ, ಸಾಧನೆ (ಪ್ರೂಫ್) ಬರೆಯುವುದಿಲ್ಲ: ಪದವಿ ಗಣಿತಕ್ಕೆ ಅಂತರ್ಜಾಲದ ಸಾಮಗ್ರಿಯನ್ನು ನೀವು ಹೇಗೆ ಬಳಸುತ್ತಿದ್ದೀರಿ?

ಸೀಮಾರೇಖೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಮಧ್ಯ ಕರ್ನಾಟಕದ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಗಣಿತ ಕಲಿಸುತ್ತೇನೆ. ಈ ವರ್ಷ ರಿಯಲ್ ಅನಾಲಿಸಿಸ್ ನನ್ನ ಪಾಲಿಗೆ ಬಂದಿದೆ. ತರಗತಿಯಲ್ಲಿ 46 ಮಂದಿ ಇದ್ದಾರೆ. ಅವರಲ್ಲಿ ಮುಕ್ಕಾಲು ಪಾಲು ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು.

ಸಾಮಗ್ರಿಗೆ ಕೊರತೆಯಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಆರಂಭಿಸಿದ ಅಂತರ್ಜಾಲ ಪಾಠಗಳ ಯೋಜನೆಯಾದ ಎನ್‌ಪಿಟೆಲ್‌ನಲ್ಲಿ ಈ ವಿಷಯದ ಪೂರ್ಣ ಪಾಠಮಾಲೆಗಳಿವೆ, 2017ರಿಂದ ಕೇಂದ್ರ ಸರ್ಕಾರದ ಸ್ವಯಂ ಎಂಬ ಆನ್‌ಲೈನ್ ಕೋರ್ಸುಗಳ ವೇದಿಕೆ ಇದೆ, ಅಲ್ಲಿನ ಕೋರ್ಸುಗಳಿಂದ ಶೇಕಡ 40ರವರೆಗೆ ಕ್ರೆಡಿಟ್ ಪಡೆಯಲು ಯುಜಿಸಿಯ 2021ರ ನಿಯಮಾವಳಿ ಅವಕಾಶವನ್ನೂ ಕೊಟ್ಟಿದೆ. ಕಳೆದ ಎರಡು ಸೆಮಿಸ್ಟರುಗಳಲ್ಲಿ ನಾನು ಮಾಡಿದ್ದು ಇಷ್ಟೇ: ಪಾಠಕ್ಕೆ ಮೊದಲು ಕೊಂಡಿಯನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು, ಮರುದಿನ "ನೋಡಿದಿರಾ?" ಎಂದು ಕೇಳುವುದು, "ನೋಡಿದೆವು ಮೇಡಂ" ಎಂಬ ಉತ್ತರವನ್ನು ನಂಬುವುದು.

ಕಳೆದ ತಿಂಗಳು ಒಂದು ದಿನ ಪುಸ್ತಕ ಮುಚ್ಚಿಸಿ, ಎನ್ ಹೆಚ್ಚುತ್ತ ಹೋದಂತೆ (3ಎನ್+1)/(ಎನ್+2) ಎಂಬುದು 3ಕ್ಕೆ ಅಭಿಸರಿಸುತ್ತದೆ (ಬೇಕಾದಷ್ಟು ಹತ್ತಿರ ಬರುತ್ತದೆ) ಎಂದು ವ್ಯಾಖ್ಯೆಯಿಂದಲೇ ತೋರಿಸಲು ಹೇಳಿದೆ. 46 ಹಾಳೆಗಳಲ್ಲಿ 39ರಲ್ಲಿ ಮೊದಲ ಸಾಲು ಸರಿಯಿತ್ತು, ಕೊನೆಯ ಸಾಲೂ ಸರಿಯಿತ್ತು, ನಡುವೆ ಏನೂ ಇರಲಿಲ್ಲ. "ನೋಡುವಾಗ ಎಲ್ಲ ಗೊತ್ತಾಗುತ್ತದೆ ಮೇಡಂ, ಬರೆಯಲು ಕೂತರೆ ಕೈಯೇ ಓಡುವುದಿಲ್ಲ" ಎಂದು ಒಬ್ಬಳು ಪ್ರಾಮಾಣಿಕವಾಗಿ ಹೇಳಿದಳು. ಇನ್ನೊಬ್ಬನ ಪ್ರಶ್ನೆ ನನ್ನನ್ನು ಇನ್ನೂ ಕಾಡುತ್ತಿದೆ: "ವಿಡಿಯೊದಲ್ಲಿ ಅವರು 'ಎನ್ ಅನ್ನು 5/ಎಪ್ಸಿಲಾನ್‌ಗಿಂತ ದೊಡ್ಡದಾಗಿ ಆರಿಸಿಕೊಳ್ಳೋಣ' ಅಂದರು. ಆ ಐದು ಎಲ್ಲಿಂದ ಬಂತು?" (ಎಪ್ಸಿಲಾನ್ ಎಂದರೆ ಎಷ್ಟು ಹತ್ತಿರ ಬರಬೇಕೆಂದು ಗೊತ್ತುಮಾಡುವ ಸಣ್ಣ ಸಂಖ್ಯೆ.)

ಆದ್ದರಿಂದ ದಯವಿಟ್ಟು ಕೊಂಡಿಗಳ ಪಟ್ಟಿ ಕೊಡಬೇಡಿ. ಯಾವ ಸಾಮಗ್ರಿಯ ಎಷ್ಟು ಭಾಗವನ್ನು ಯಾವಾಗ ಕೊಡುತ್ತೀರಿ, ಕೊಟ್ಟ ಮೇಲೆ ಅವರಿಂದ ಏನು ಮಾಡಿಸುತ್ತೀರಿ ಎಂಬುದನ್ನು ತಿಳಿಸಿ.

ಮಾತೃಕೆ ಮೇಷ್ಟ್ರು

ಮೇಡಂ, ನಾನು ಉತ್ತರ ಕರ್ನಾಟಕದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿದ್ದೇನೆ. 2004ರಲ್ಲಿ ಎಜುಸ್ಯಾಟ್ ಉಪಗ್ರಹ ಹಾರಿದ ಮೇಲೆ ಅದರ ಮೂಲಕ ಪಾಠ ಪ್ರಸಾರ ಮಾಡುವ ಪ್ರಯೋಗ ಮೊದಮೊದಲು ನಡೆದದ್ದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ. ಆಗ ನಾನು ವಿದ್ಯಾರ್ಥಿ. ಪಾಠ ಚೆನ್ನಾಗಿಯೇ ಇರುತ್ತಿತ್ತು, ಆದರೆ ಪರದೆಯ ಮುಂದೆ ಕೂತ ನಾವು ಹುಡುಗರು ಕೈಕಟ್ಟಿಕೊಂಡು ಸಿನಿಮಾ ನೋಡುವವರ ಹಾಗೆ ನೋಡಿ ಎದ್ದು ಬರುತ್ತಿದ್ದೆವು. ಇಪ್ಪತ್ತು ವರ್ಷಗಳಲ್ಲಿ ಪರದೆ ಗೋಡೆಯಿಂದ ಅಂಗೈಗೆ ಇಳಿದಿದೆ. ಕೈ ಕಟ್ಟಿಕೊಂಡು ಕೂರುವ ಅಭ್ಯಾಸ ಮಾತ್ರ ಹಾಗೆಯೇ ಉಳಿದಿದೆ.

ನಾನು ಈಗ ಪೂರ್ತಿ ಉಪನ್ಯಾಸವನ್ನು ಯಾರಿಗೂ ಕೊಡುವುದಿಲ್ಲ. ಅಮೆರಿಕದ ಎಂಐಟಿಯಲ್ಲಿ ಪ್ರಾಧ್ಯಾಪಕರಾಗಿದ್ದ ಗಿಲ್ಬರ್ಟ್ ಸ್ಟ್ರಾಂಗ್ ಅವರ ರೇಖೀಯ ಬೀಜಗಣಿತದ ಪಾಠಗಳು ನಿಮಗೆಲ್ಲ ಗೊತ್ತಿರುತ್ತವೆ. ಮೊದಲ ಪಾಠದಲ್ಲಿ ಅವರು ಎರಡು ಸಮೀಕರಣಗಳನ್ನು ಬರೆಯುತ್ತಾರೆ: 2ಎಕ್ಸ್ − ವೈ = 0, −ಎಕ್ಸ್ + 2ವೈ = 3. ಇವನ್ನು ಎರಡು ಸರಳರೇಖೆಗಳಾಗಿ ನೋಡುವುದು ಪಿಯುಸಿಯಿಂದಲೇ ಎಲ್ಲರಿಗೂ ಗೊತ್ತು. ಅವರು ಅದೇ ಸಮೀಕರಣಗಳನ್ನು ಕಂಬಸಾಲುಗಳಾಗಿ ನೋಡಲು ಹೊರಡುತ್ತಾರೆ. ಎಂದರೆ (2, −1) ಮತ್ತು (−1, 2) ಎಂಬ ಎರಡು ಸದಿಶಗಳನ್ನು (ವೆಕ್ಟರ್) ಯಾವ ಪ್ರಮಾಣದಲ್ಲಿ ಬೆರೆಸಿದರೆ (0, 3) ಸಿಗುತ್ತದೆ ಎಂಬ ಪ್ರಶ್ನೆಯಾಗಿ. ನಾನು ವಿಡಿಯೊವನ್ನು ಅಲ್ಲಿಯೇ, ಉತ್ತರ ಬರುವ ಮೊದಲೇ ನಿಲ್ಲಿಸುತ್ತೇನೆ. ಚೌಕುಳಿ ಹಾಳೆ ಕೊಟ್ಟು, ಬಾಣ ಎಳೆದು ನೀವೇ ಹುಡುಕಿ ಎನ್ನುತ್ತೇನೆ. ಮೊದಲನೆಯದು ಒಂದು, ಎರಡನೆಯದು ಎರಡು ಎಂದು ಐದಾರು ನಿಮಿಷಗಳಲ್ಲಿ ಹೆಚ್ಚಿನವರಿಗೆ ಸಿಗುತ್ತದೆ. ಆಮೇಲೆ ಮುಂದಿನ ಪ್ರಶ್ನೆ ನನ್ನದು: ಬಲಗಡೆ (0, 3)ರ ಬದಲು ಯಾವ ಸದಿಶ ಕೊಟ್ಟರೂ ಹೀಗೆ ಬೆರಸಲು ಸಾಧ್ಯವೇ? ಇದಕ್ಕೆ ಒಂದು ವಾಕ್ಯವನ್ನಾದರೂ ಬರೆದ ಮೇಲೆಯೇ ಉಳಿದ ಪಾಠ.

ಇದನ್ನು ನಮ್ಮಲ್ಲಿ "ನಿಲುಗಡೆ ಚೀಟಿ" ಎನ್ನುತ್ತೇವೆ. ಚೀಟಿಯಲ್ಲಿ ಇರುವುದು ಎಲ್ಲಿ ನಿಲ್ಲಿಸಬೇಕೆಂಬ ನಿಮಿಷ ಮತ್ತು ಸೆಕೆಂಡು, ಒಂದು ಪ್ರಶ್ನೆ, ನಾಲ್ಕು ಬೆರಳಗಲ ಖಾಲಿ ಜಾಗ. ಹತ್ತು ನಿಮಿಷದ ತುಣುಕಿಗೆ ಒಂದು ಒಳ್ಳೆಯ ಚೀಟಿ ಮಾಡಲು ನನಗೆ ಒಂದು ಗಂಟೆಗಿಂತ ಹೆಚ್ಚು ಹಿಡಿಯುತ್ತದೆ. ಆನ್‌ಲೈನ್ ಪಾಠದಿಂದ ಮೇಷ್ಟ್ರ ಕೆಲಸ ಹಗುರವಾಗುತ್ತದೆ ಎಂದು ಹೇಳುವವರು ಸಿಕ್ಕರೆ ಅವರನ್ನು ನನ್ನ ಬಳಿಗೆ ಕಳುಹಿಸಿ.

ನಿವೃತ್ತ ಪ್ರಾಧ್ಯಾಪಕ, ಧಾರವಾಡ

ಸೀಮಾರೇಖೆಯವರೇ, ನಿಮ್ಮ ವಿದ್ಯಾರ್ಥಿಯ "ಐದು ಎಲ್ಲಿಂದ ಬಂತು" ಎಂಬ ಪ್ರಶ್ನೆಯಲ್ಲಿಯೇ ನಿಮ್ಮ ಸಮಸ್ಯೆಯ ಬೇರು ಇದೆ ಎಂದು ನನಗೆ ತೋರುತ್ತದೆ. ಸಾಧನೆಯನ್ನು ಬರೆಯುವ ಕ್ರಮ ಒಂದು, ಹುಡುಕುವ ಕ್ರಮ ಇನ್ನೊಂದು. ಹುಡುಕುವಾಗ ನಾವು ಕೊನೆಯಿಂದ ಹಿಂದಕ್ಕೆ ಬರುತ್ತೇವೆ: ವ್ಯತ್ಯಾಸ ತೆಗೆದರೆ 5/(ಎನ್+2) ಉಳಿಯಿತು, ಅದು 5/ಎನ್‌ಗಿಂತ ಚಿಕ್ಕದು, ಅದು ಎಪ್ಸಿಲಾನ್‌ಗಿಂತ ಚಿಕ್ಕದಾಗಬೇಕಾದರೆ ಎನ್ ಎಷ್ಟಿರಬೇಕು ಎಂದು ಕೇಳಿಕೊಳ್ಳುತ್ತೇವೆ. ಬರೆಯುವಾಗ ಆ ಹಾಳೆಯನ್ನು ಹರಿದೆಸೆದು, "ಎನ್ ಅನ್ನು ಹೀಗೆ ಆರಿಸಿಕೊಳ್ಳೋಣ" ಎಂದು ಮುಂದಿನಿಂದ ಆರಂಭಿಸುತ್ತೇವೆ. ವಿಡಿಯೊ ಮಾಡುವವರು ಸಿದ್ಧತೆ ಮಾಡಿಕೊಂಡು ಬಂದಿರುತ್ತಾರೆ, ತಪ್ಪಿದರೆ ಮತ್ತೆ ಚಿತ್ರೀಕರಿಸುತ್ತಾರೆ. ಹಾಗಾಗಿ ಅಲ್ಲಿ ಕಚ್ಚಾ ಹಾಳೆ ಕಾಣುವುದೇ ಇಲ್ಲ. ಕಪ್ಪು ಹಲಗೆಯ ಮುಂದೆ ನಿಂತ ಮಾಸ್ತರ ತಪ್ಪು ದಾರಿ ಹಿಡಿಯುತ್ತಾನೆ, ತಲೆ ಕೆರೆದುಕೊಳ್ಳುತ್ತಾನೆ, ಅಳಿಸುತ್ತಾನೆ. ನನ್ನ ಮಟ್ಟಿಗೆ ಆ ಅಳಿಸುವಿಕೆಯೇ ಗಣಿತದ ಪಾಠ.

ಆನ್‌ಲೈನ್ ಪಾಠ ಎಲ್ಲಕ್ಕೂ ಮದ್ದು ಎಂದು ನಂಬಿದವರು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ಸ್ಟೇಟ್ ವಿಶ್ವವಿದ್ಯಾಲಯದ 2013ರ ಅನುಭವವನ್ನು ಓದಬೇಕು. ಯುಡಾಸಿಟಿ ಸಂಸ್ಥೆಯ ಜೊತೆ ಸೇರಿ ಅಲ್ಲಿ ಪ್ರಾಥಮಿಕ ಗಣಿತ, ಬೀಜಗಣಿತ, ಸಂಖ್ಯಾಶಾಸ್ತ್ರ ಎಂಬ ಮೂರು ಕೋರ್ಸುಗಳನ್ನು ಆನ್‌ಲೈನಿನಲ್ಲಿ ನಡೆಸಿದರು. ಮೊದಲ ಸುತ್ತಿನಲ್ಲಿ ಪರೀಕ್ಷೆ ಬರೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಪಾಸಾದರು. ಆ ವರ್ಷದ ಜುಲೈನಲ್ಲಿಯೇ ಪ್ರಯೋಗಕ್ಕೆ ವಿರಾಮ ಹಾಕಬೇಕಾಯಿತು. ದುರ್ಬಲ ವಿದ್ಯಾರ್ಥಿಗಳಿಗೆ ನೆರವಾಗಲೆಂದು ಶುರುವಾದದ್ದು ಆ ದುರ್ಬಲರನ್ನೇ ಮೊದಲು ಕೈಬಿಟ್ಟಿತು.

ರೈನ್ ತೀರದಿಂದ

ಪ್ರಾಧ್ಯಾಪಕರೇ, ಕಚ್ಚಾ ಹಾಳೆಯ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಕಪ್ಪು ಹಲಗೆ ತನ್ನಷ್ಟಕ್ಕೆ ತಾನೇ ಕಲಿಸುತ್ತದೆ ಎಂಬುದನ್ನು ಒಪ್ಪಲಾರೆ. ವಿಜ್ಞಾನ, ಇಂಜಿನಿಯರಿಂಗ್ ಮತ್ತು ಗಣಿತದ ಪದವಿ ತರಗತಿಗಳ ಮೇಲೆ ನಡೆದ 225 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಬರೀ ಉಪನ್ಯಾಸ ಕೇಳುವ ತರಗತಿಗಳಲ್ಲಿ ನಪಾಸಾಗುವವರು ಸರಾಸರಿ ಶೇಕಡ 33.8, ವಿದ್ಯಾರ್ಥಿಗಳೇ ಏನಾದರೂ ಮಾಡುವಂತಹ ತರಗತಿಗಳಲ್ಲಿ ಶೇಕಡ 21.8. ಉಪನ್ಯಾಸ ಹಲಗೆಯ ಮೇಲಿದ್ದರೂ ಪರದೆಯ ಮೇಲಿದ್ದರೂ ಕೇಳುವವರು ಸುಮ್ಮನೆ ಕೂತರೆ ಅಷ್ಟೇ.

ನಾನು ಜರ್ಮನಿಯ ಒಂದು ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದವರಿಗೆ ಅಭ್ಯಾಸ ತರಗತಿ ನಡೆಸುತ್ತೇನೆ. ಇಲ್ಲಿ ವಿಡಿಯೊಗಿಂತ ಹೆಚ್ಚು ಉಪಯೋಗಕ್ಕೆ ಬಂದಿರುವುದು ಸ್ಟ್ಯಾಕ್ ಎಂಬ ಪ್ರಶ್ನೆ ವ್ಯವಸ್ಥೆ. ಇಂಗ್ಲೆಂಡಿನ ಗಣಿತಜ್ಞ ಕ್ರಿಸ್ ಸ್ಯಾಂಗ್ವಿನ್ ರೂಪಿಸಿದ ಈ ಮುಕ್ತ ತಂತ್ರಾಂಶವನ್ನು ಆನ್‌ಲೈನ್ ಕೋರ್ಸು ನಡೆಸುವ ಮೂಡಲ್ ವೇದಿಕೆಗೆ ಸೇರಿಸಿಕೊಳ್ಳಬಹುದು. ಉತ್ತರವನ್ನು ಒಳಗಿನಿಂದ ಪರೀಕ್ಷಿಸುವುದು ಬೀಜಗಣಿತ ಮಾಡಬಲ್ಲ ತಂತ್ರಾಂಶವಾದ ಮ್ಯಾಕ್ಸಿಮಾ, ನಿಮ್ಮ ಬಿ.ಎಸ್ಸಿ. ಪ್ರಾಯೋಗಿಕ ತರಗತಿಗಳಲ್ಲಿ ಬಳಸುವ ಅದೇ ಮ್ಯಾಕ್ಸಿಮಾ. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆಗಿಂತ ಇದು ಎಷ್ಟು ಬೇರೆ ಎಂಬುದಕ್ಕೆ ಒಂದು ಉದಾಹರಣೆ: "ಕರ್ಣೀಕರಿಸಲಾಗದ ಒಂದು 2×2 ಮಾತೃಕೆಯನ್ನು (ಮ್ಯಾಟ್ರಿಕ್ಸ್) ಬರೆಯಿರಿ." ಸರಿಯುತ್ತರಗಳು ಅನಂತ. ಒಬ್ಬಳು ಮೇಲಿನ ಸಾಲಿನಲ್ಲಿ 1, 1, ಕೆಳಗಿನ ಸಾಲಿನಲ್ಲಿ 0, 1 ಎಂದು ಬರೆಯುತ್ತಾಳೆ, ಇನ್ನೊಬ್ಬ ಬೇರೇನೋ ಬರೆಯುತ್ತಾನೆ; ವ್ಯವಸ್ಥೆ ಉತ್ತರವನ್ನು ಕೀಲಿಯೊಡನೆ ಹೋಲಿಸದೆ, ಬರೆದ ಮಾತೃಕೆಗೆ ಆ ಗುಣವಿದೆಯೇ ಎಂದು ಪರೀಕ್ಷಿಸುತ್ತದೆ. ಉದಾಹರಣೆಯನ್ನು ತಾನೇ ಕಟ್ಟಬೇಕಾದ ವಿದ್ಯಾರ್ಥಿ ವ್ಯಾಖ್ಯೆಯನ್ನು ಒಳಗೂ ಹೊರಗೂ ತಿರುಗಿಸಿ ನೋಡದೆ ವಿಧಿಯಿಲ್ಲ.

ಪ್ರತಿಯೊಬ್ಬರಿಗೂ ಬೇರೆ ಬೇರೆ ಅಂಕಿಗಳನ್ನು ಕೊಡಬಹುದು, ಆದರೆ ಇಲ್ಲಿ ಒಂದು ಗುಂಡಿ ಇದೆ, ನಾನೇ ಬಿದ್ದಿದ್ದೇನೆ. ಯಾದೃಚ್ಛಿಕವಾಗಿ ನಾಲ್ಕು ಅಂಕಿ ತುಂಬಿಸಿ ಐಗನ್ ಮೌಲ್ಯ ಕೇಳಿದರೆ ಹೆಚ್ಚಿನವರಿಗೆ ವರ್ಗಮೂಲದ ಗೋಜಲು ಬರುತ್ತದೆ, ಕೆಲವರಿಗೆ ಸಂಕೀರ್ಣ ಸಂಖ್ಯೆಯೇ ಬರುತ್ತದೆ. ಹಿಂದುಮುಂದಾಗಿ ಕಟ್ಟಬೇಕು. ಮೊದಲು 2 ಮತ್ತು 5 ಎಂಬ ಐಗನ್ ಮೌಲ್ಯಗಳನ್ನು ನಾವೇ ಇಟ್ಟುಕೊಳ್ಳುವುದು, ನಿರ್ಧಾರಕ 1 ಇರುವ ಒಂದು ಮಾತೃಕೆಯನ್ನು, ಉದಾಹರಣೆಗೆ ಸಾಲುಗಳು (1, 2) ಮತ್ತು (1, 3) ಇರುವುದನ್ನು, ಆರಿಸುವುದು, ಅದರಿಂದಲೂ ಅದರ ವಿಲೋಮದಿಂದಲೂ ಎರಡು ಕಡೆ ಗುಣಿಸುವುದು. ಆಗ (−4, 6), (−9, 11) ಎಂಬ ಸಾಲುಗಳ ಮಾತೃಕೆ ಸಿಗುತ್ತದೆ. ನೋಡಲು ಒರಟು, ಬಿಡಿಸಿದರೆ ಸಲೀಸು. ಇಂತಹ ಒಂದು ಪ್ರಶ್ನೆಯನ್ನು, ಸಾಮಾನ್ಯ ತಪ್ಪುಗಳಿಗೆ ತಕ್ಕ ಸೂಚನೆಗಳ ಸಮೇತ, ಸಿದ್ಧಪಡಿಸಲು ನನಗೆ ಅರ್ಧ ದಿನ ಬೇಕು. ಆದರೆ ಒಮ್ಮೆ ಮಾಡಿದ್ದು ವರ್ಷಗಟ್ಟಲೆ ಉಳಿಯುತ್ತದೆ, ಇತರರೊಡನೆ ಹಂಚಿಕೊಳ್ಳಲೂ ಬರುತ್ತದೆ.

ಒಂದು ಮಿತಿಯನ್ನು ಮುಚ್ಚಿಡಬಾರದು: ವಿದ್ಯಾರ್ಥಿ ತನ್ನದೇ ಮಾತಿನಲ್ಲಿ ಬರೆದ ಸಾಧನೆಯನ್ನು ಸ್ಟ್ಯಾಕ್ ತಿದ್ದಲಾರದು. ಲೆಕ್ಕದ ಭಾಗವನ್ನು ಅದಕ್ಕೆ ಬಿಟ್ಟು, ಉಳಿದ ಸಮಯವನ್ನು ಸಾಧನೆಗಳ ಹಾಳೆ ಓದಲು ನಾವು ಇಟ್ಟುಕೊಳ್ಳುತ್ತೇವೆ.

ಐದನೇ ಸೆಮಿಸ್ಟರ್

ಗುರುಗಳೆಲ್ಲರಿಗೂ ನಮಸ್ಕಾರ. ನಾನು ಬೇರೊಂದು ಕಾಲೇಜಿನ ವಿದ್ಯಾರ್ಥಿನಿ. ಕೆಲವು ವಿಷಯಗಳನ್ನು ನಮ್ಮ ಕಡೆಯಿಂದ ಹೇಳಬಹುದೇ?

ನಾವು ವಿಡಿಯೊಗಳನ್ನು ಒಂದೂವರೆ ಪಟ್ಟು ವೇಗದಲ್ಲಿ ನೋಡುತ್ತೇವೆ. ಸೋಮಾರಿತನ ಅದಕ್ಕೆ ಪೂರ್ತಿ ಕಾರಣವಲ್ಲ. ಮನೆಗೆ ಬಂದು ಕೆಲಸ ಮುಗಿಸುವಾಗ ರಾತ್ರಿ ಒಂಬತ್ತು ಗಂಟೆ ಆಗಿರುತ್ತದೆ, ಒಂದು ಉಪನ್ಯಾಸ ಐವತ್ತು ನಿಮಿಷ ಇರುತ್ತದೆ, ಮೂರು ವಿಷಯಗಳ ಗುರುಗಳು ಮೂರು ಕೊಂಡಿ ಕಳುಹಿಸಿರುತ್ತಾರೆ, ದಿನದ ಡೇಟಾ ಮನೆಯವರೆಲ್ಲರಿಗೂ ಸೇರಿದ್ದು. ಇಂಗ್ಲಿಷ್ ವೇಗವಾಗಿ ಬಂದರೆ ಕೆಳಗಿನ ಅಕ್ಷರಗಳನ್ನು ಓದುತ್ತೇವೆ, ಆದರೆ ಯಂತ್ರವೇ ಬರೆಯುವ ಆ ಅಕ್ಷರಗಳಲ್ಲಿ ಆಯ್ಲರ್ ಎಂಬ ಗಣಿತಜ್ಞ ಎಣ್ಣೆ ಹಾಕುವ "ಆಯಿಲರ್" ಆಗಿರುತ್ತಾನೆ. ಮೊದಲ ಸಲ ನೋಡಿದಾಗ ಇದು ಯಾವುದೋ ಯಂತ್ರಶಾಸ್ತ್ರದ ಪದವಿರಬೇಕೆಂದು ನೋಟ್ಸಿನಲ್ಲಿಯೂ ಬರೆದುಕೊಂಡಿದ್ದೆ.

ನನಗೆ ನಿಜವಾಗಿ ಸಹಾಯವಾದದ್ದು ಗಣಿತದ ಪ್ರಶ್ನೋತ್ತರ ತಾಣವಾದ ಮ್ಯಾಥ್ ಸ್ಟ್ಯಾಕ್ ಎಕ್ಸ್‌ಚೇಂಜ್, ಅದೂ ಬೈಸಿಕೊಂಡ ಮೇಲೆ. ನಿಯತಕಾಲಿಕ ಪರೀಕ್ಷೆಯ ಪ್ರಶ್ನೆಯೊಂದನ್ನು ಹಾಗೆಯೇ ಹಾಕಿದ್ದೆ. ನಿಮ್ಮ ಪ್ರಯತ್ನವೇನೂ ಕಾಣುತ್ತಿಲ್ಲವೆಂದು ಮುಚ್ಚಿಬಿಟ್ಟರು. ಅವಮಾನವಾಯಿತು. ಎರಡನೆಯ ಸಲ ಎಲ್ಲಿಯವರೆಗೆ ಬಂದೆ, ಎಲ್ಲಿ ಸಿಕ್ಕಿಕೊಂಡೆ ಎಂಬುದನ್ನು ಬರೆಯಲು ಕೂತೆ. ಬರೆಯುತ್ತ ಬರೆಯುತ್ತ ಅರ್ಧ ದಾರಿಯಲ್ಲಿ ಉತ್ತರ ನನಗೇ ಹೊಳೆಯಿತು. ಆ ಪ್ರಶ್ನೆಯನ್ನು ನಾನು ಹಾಕಲೇ ಇಲ್ಲ. ಪ್ರಾಧ್ಯಾಪಕರು ಹೇಳಿದ ಕಚ್ಚಾ ಹಾಳೆ ಎಂದರೆ ಇದೇ ಇರಬೇಕು.

ಇನ್ನೊಂದು ಮಾತು, ತಪ್ಪಿದ್ದರೆ ಕ್ಷಮಿಸಿ. ಪರೀಕ್ಷೆಯಲ್ಲಿ "ಲಗ್ರಾಂಜ್ ಮಧ್ಯಮಾನ ಪ್ರಮೇಯವನ್ನು ನಿರೂಪಿಸಿ ಸಾಧಿಸಿ" ಎಂದೇ ಪ್ರತಿ ವರ್ಷ ಕೇಳಿದರೆ, ನಾವು ಅದನ್ನು ಬಾಯಿಪಾಠ ಮಾಡದೆ ಇನ್ನೇನು ಮಾಡೋಣ?

ಸೀಮಾರೇಖೆ

ತಂಗಿ, ತಪ್ಪೇನೂ ಇಲ್ಲ. ಕೊನೆಯ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ. ಪ್ರಶ್ನೆಪತ್ರಿಕೆ ನನ್ನ ಕೈಯಲ್ಲಿಲ್ಲ, ಆಂತರಿಕ ಪರೀಕ್ಷೆ ಮಾತ್ರ ಇದೆ. ಅದರಲ್ಲಿಯಾದರೂ ಬದಲಾವಣೆ ಮಾಡುತ್ತೇನೆ.

ಮಾತೃಕೆ ಮೇಷ್ಟ್ರ ಚೀಟಿಯನ್ನೂ ಪ್ರಾಧ್ಯಾಪಕರ ಕಚ್ಚಾ ಹಾಳೆಯನ್ನೂ ಸೇರಿಸಿ ಈ ವಾರ ಒಂದು ಪ್ರಯತ್ನ ಮಾಡಿದೆ. ವಿಷಯ: ಫಲನಗಳ ಶ್ರೇಣಿಯ ಬಿಂದುವಾರು ಅಭಿಸರಣ ಮತ್ತು ಏಕರೂಪ (ಯೂನಿಫಾರ್ಮ್) ಅಭಿಸರಣ. ಈ ಎರಡರ ವ್ಯತ್ಯಾಸವನ್ನು ಹಲಗೆಯ ಮೇಲೆ ವರ್ಷ ವರ್ಷವೂ ವಿವರಿಸಿ ಸೋತಿದ್ದೇನೆ. ಈ ಸಲ ಜಿಯೊಜೀಬ್ರಾ ಎಂಬ ರೇಖಾಚಿತ್ರ ತಂತ್ರಾಂಶದಲ್ಲಿ ಎಕ್ಸ್‌ನ ಎನ್‌ನೇ ಘಾತದ ರೇಖೆಯನ್ನು 0ರಿಂದ 1ರವರೆಗೆ ಎಳೆದು, ಎನ್‌ಗೆ ಒಂದು ಜಾರುಪಟ್ಟಿ ಇಟ್ಟು, ಎಕ್ಸ್ ಅಕ್ಷದ ಮೇಲೆ 0.1 ಎತ್ತರದ ಒಂದು ಬಣ್ಣದ ಪಟ್ಟೆ ಬಳಿದೆ. ವಿದ್ಯಾರ್ಥಿಗಳು ತಮ್ಮ ಮೊಬೈಲಿನಲ್ಲಿಯೇ ಅದನ್ನು ತೆರೆದರು. ಕೊಟ್ಟ ಪ್ರಶ್ನೆ ಒಂದೇ: ಎನ್ ಎಷ್ಟಾದರೆ 1ಕ್ಕಿಂತ ಎಡಗಡೆಯ ಇಡೀ ರೇಖೆ ಪಟ್ಟೆಯೊಳಗೆ ಅಡಗುತ್ತದೆ?

ಜಾರಿಸುತ್ತಾರೆ, 50 ಮಾಡುತ್ತಾರೆ, 200 ಮಾಡುತ್ತಾರೆ, ರೇಖೆ ನೆಲಕ್ಕಂಟಿಕೊಳ್ಳುತ್ತದೆ, ಆದರೆ 1ರ ಹತ್ತಿರ ಬಂದಾಗ ಯಾವಾಗಲೂ ನಾಗರಹಾವಿನ ಹಾಗೆ ಹೆಡೆಯೆತ್ತಿ ಪಟ್ಟೆಯ ಆಚೆ ಹೋಗುತ್ತದೆ. ಅಡಗುವುದೇ ಇಲ್ಲ! ಆಮೇಲೆ 0ರಿಂದ 0.9ರವರೆಗೆ ಮಾತ್ರ ನೋಡಿ ಎಂದೆ. 22ಕ್ಕೆ ಬಂದಾಗ ರೇಖೆ ಪೂರ್ತಿ ಒಳಗೆ ಬಂತು. 21ಕ್ಕೆ ಯಾಕೆ ಬರಲಿಲ್ಲ ಎಂದು ಕ್ಯಾಲ್ಕುಲೇಟರಿನಲ್ಲಿ ಲೆಕ್ಕ ಹಾಕಿಸಿದೆ: 0.9ರ 21ನೇ ಘಾತ ಸುಮಾರು 0.109, 22ನೇ ಘಾತ ಸುಮಾರು 0.098. ಇಷ್ಟಾದ ಮೇಲೆ ಹಲಗೆಯ ಮೇಲೆ ವ್ಯಾಖ್ಯೆ ಬರೆದೆ. ಸಾಮಾನ್ಯವಾಗಿ ನಾನು ಅದರಿಂದಲೇ ಆರಂಭಿಸುತ್ತಿದ್ದೆ.

ಇಲ್ಲಿ ಕನ್ನಡ ಮಾಡಿದ ಉಪಕಾರವನ್ನು ಹೇಳಲೇಬೇಕು. ಇಂಗ್ಲಿಷ್ ಪುಸ್ತಕದ ಎರಡು ವ್ಯಾಖ್ಯೆಗಳಲ್ಲಿ ಅದೇ ಪದಗಳು ಸ್ಥಾನ ಬದಲಿಸಿ ಬರುತ್ತವೆ, ಮಕ್ಕಳ ಕಣ್ಣಿಗೆ ಎರಡೂ ಒಂದೇ. ಕನ್ನಡದಲ್ಲಿ "ಪ್ರತಿ ಎಕ್ಸ್‌ಗೂ ಅದರದೇ ಒಂದು ಎನ್" ಎಂದರೆ ಬಿಂದುವಾರು, "ಎಲ್ಲ ಎಕ್ಸ್‌ಗೂ ಒಂದೇ ಎನ್" ಎಂದರೆ ಏಕರೂಪ. "ಅದರದೇ ಒಂದು" ಮತ್ತು "ಒಂದೇ" ಎಂಬ ಆ ಏಕಾರದಲ್ಲಿಯೇ ವ್ಯತ್ಯಾಸದ ತಿರುಳಿದೆ. "ದರ್ಜಿ ಪ್ರತಿಯೊಬ್ಬರ ಅಳತೆ ತೆಗೆದು ಹೊಲಿದರೆ ಬಿಂದುವಾರು, ಒಂದೇ ಅಳತೆಯ ಅಂಗಿ ಎಲ್ಲರಿಗೂ ಹಿಡಿಸಿದರೆ ಯೂನಿಫಾರ್ಮ್" ಎಂದು ಹಿಂದಿನ ಬೆಂಚಿನವನೊಬ್ಬ ಹೇಳಿದ. ಮುಂದಿನ ವರ್ಷದಿಂದ ಅದು ನನ್ನ ಪಾಠದಲ್ಲಿ ಇರುತ್ತದೆ.

ಅಂದು ರಾತ್ರಿ ಇದನ್ನೇ ಏಳು ನಿಮಿಷಗಳ ಕನ್ನಡ ಧ್ವನಿಮುದ್ರಣ ಮಾಡಿ ಗುಂಪಿಗೆ ಹಾಕಿದೆ. ಹಾಳೆಯ ಮೇಲೆ ಕೈಬರಹ, ಮೇಲಿನಿಂದ ಫೋನಿನ ಕ್ಯಾಮರಾ, ಹಿನ್ನೆಲೆಯಲ್ಲಿ ಕುಕ್ಕರಿನ ಕೂಗು. ತಪ್ಪು ಬರೆದ ಒಂದು ಸಾಲನ್ನು ಹೊಡೆದು ಹಾಕಿದ್ದನ್ನೂ ಬೇಕೆಂದೇ ಉಳಿಸಿದ್ದೇನೆ.

ಅತಿಥಿ ಉಪನ್ಯಾಸಕ

ಈ ಚರ್ಚೆಯನ್ನು ಓದುತ್ತ ಸಂತೋಷವೂ ಸ್ವಲ್ಪ ಸಂಕಟವೂ ಆಗುತ್ತಿದೆ. ಒಂದು ಗಂಟೆ ಚೀಟಿಗೆ, ಅರ್ಧ ದಿನ ಒಂದು ಪ್ರಶ್ನೆಗೆ ಎನ್ನುತ್ತಿದ್ದೀರಿ. ನಮ್ಮಂತಹವರಿಗೆ ಸಂಬಳ ಲೆಕ್ಕವಾಗುವುದು ತರಗತಿಯಲ್ಲಿ ನಿಂತ ಅವಧಿಗೆ. ಸಿದ್ಧತೆಯ ಗಂಟೆಗಳು ಯಾವ ಹಾಜರಿ ಪುಸ್ತಕದಲ್ಲಿಯೂ ಇಲ್ಲ. ಇದನ್ನು ದೂರೆಂದು ತಿಳಿಯಬೇಡಿ, ಲೆಕ್ಕದಲ್ಲಿ ಈ ಅಂಶವನ್ನೂ ಸೇರಿಸಿಕೊಳ್ಳಿ ಎಂದಷ್ಟೇ ಕೇಳುತ್ತೇನೆ. ಒಬ್ಬರು ಮಾಡಿದ ಚೀಟಿಯನ್ನು ಹತ್ತು ಕಾಲೇಜಿನವರು ಬಳಸುವಂತಾದರೆ ಈ ಭಾರ ಎಷ್ಟೋ ಇಳಿಯುತ್ತದೆ.

ನಮ್ಮ ಪ್ರಯೋಗಾಲಯದಲ್ಲಿ 12 ಕಂಪ್ಯೂಟರುಗಳಿವೆ, ಇಂಟರ್‌ನೆಟ್ ಇದ್ದ ದಿನ ಹಬ್ಬ. ಆದ್ದರಿಂದ ಮ್ಯಾಕ್ಸಿಮಾ, ಜಿಯೊಜೀಬ್ರಾ, ಪೈಥಾನ್ ಎಲ್ಲವನ್ನೂ ಮೊದಲೇ ಪೆನ್‌ಡ್ರೈವಿನಿಂದ ಹಾಕಿಟ್ಟಿದ್ದೇನೆ. ಮುಂಬಯಿ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯವರು ಇಂತಹ ಮುಕ್ತ ತಂತ್ರಾಂಶಗಳ ಬಗ್ಗೆ ಹತ್ತು ನಿಮಿಷಗಳ ಆಸುಪಾಸಿನ ಪಾಠಗಳನ್ನು ಮಾಡಿದ್ದಾರೆ. ಕನ್ನಡ ಧ್ವನಿಯಿರುವ ಪಾಠಗಳೂ ಅವುಗಳಲ್ಲಿವೆ. ಒಂದು ಕಿಟಕಿಯಲ್ಲಿ ಪಾಠ, ಪಕ್ಕದ ಕಿಟಕಿಯಲ್ಲಿ ತಂತ್ರಾಂಶ ತೆರೆದುಕೊಂಡು ನಿಲ್ಲಿಸಿ ನಿಲ್ಲಿಸಿ ಮಾಡುವುದೇ ಅವರ ಕ್ರಮ. ಮಾತೃಕೆ ಮೇಷ್ಟ್ರು ಹೇಳುವ ನಿಲುಗಡೆ ಅಲ್ಲಿ ತಾನಾಗಿಯೇ ಇದೆ.

ಪ್ರಾಯೋಗಿಕ ತರಗತಿಯಲ್ಲಿ ಆದ ಒಂದು ಘಟನೆಯನ್ನು ಇಲ್ಲಿ ಹೇಳಬೇಕು. ಎನ್ ಹೆಚ್ಚಾದಂತೆ (1 + 1/ಎನ್) ಎಂಬುದರ ಎನ್‌ನೇ ಘಾತ 2.71828… ಎಂಬ ಸಂಖ್ಯೆಯತ್ತ ಹೋಗುತ್ತದೆ ಎಂಬುದನ್ನು ಪೈಥಾನಿನಲ್ಲಿ ನೋಡಲು ಹೇಳಿದ್ದೆ. 10ರ 8ನೇ ಘಾತದವರೆಗೆ ಎಲ್ಲ ಚೆಂದವಾಗಿತ್ತು. ಕುತೂಹಲದ ಹುಡುಗನೊಬ್ಬ 10ರ 15ನೇ ಘಾತ ಕೊಟ್ಟ; 3.035 ಬಂತು. 16ನೇ ಘಾತ ಕೊಟ್ಟ, 1 ಬಂತು. "ಸರ್, ಪ್ರಮೇಯ ಸುಳ್ಳು" ಎಂದು ಇಡೀ ತರಗತಿ ಎದ್ದು ನಿಂತಿತು. ಕಂಪ್ಯೂಟರು ಒಂದು ಸಂಖ್ಯೆಗೆ ಸುಮಾರು ಹದಿನಾರು ಅಂಕಿಗಳನ್ನಷ್ಟೇ ಇಟ್ಟುಕೊಳ್ಳುತ್ತದೆ, 1ಕ್ಕೆ ಅಷ್ಟು ಸಣ್ಣ ಸಂಖ್ಯೆ ಕೂಡಿಸಿದರೆ ಅದು ಮಾಯವಾಗಿ 1 ಮಾತ್ರ ಉಳಿಯುತ್ತದೆ, 1ರ ಯಾವ ಘಾತವೂ 1 ಆಗಿಯೇ ಇರುತ್ತದೆ ಎಂದು ವಿವರಿಸಲು ಉಳಿದ ಅವಧಿಯೆಲ್ಲ ಹೋಯಿತು. ಪಠ್ಯಕ್ರಮದ ಆ ದಿನದ ಭಾಗ ಮುಗಿಯಲಿಲ್ಲ. ಆದರೆ ಯಂತ್ರ ತೋರಿಸುವುದು ಬೇರೆ, ಸಾಧನೆ ಬೇರೆ ಎಂಬುದನ್ನು ಆ ತಂಡಕ್ಕೆ ನಾನು ಮತ್ತೆ ಹೇಳಬೇಕಾಗಿ ಬಂದಿಲ್ಲ.

ನಿವೃತ್ತ ಪ್ರಾಧ್ಯಾಪಕ, ಧಾರವಾಡ

ಅತಿಥಿ ಉಪನ್ಯಾಸಕರೇ, ಆ ಅವಧಿ ವ್ಯರ್ಥವಾಯಿತೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಸೀಮಾರೇಖೆಯವರ ಹೆಡೆಯೆತ್ತುವ ರೇಖೆಯನ್ನು ಮೊಮ್ಮಗಳ ಫೋನಿನಲ್ಲಿ ನೋಡಿದೆ. ಮೂವತ್ತು ವರ್ಷ ಸುಣ್ಣದ ಕಡ್ಡಿಯಲ್ಲಿ ನಾನು ಬಿಡಿಸಿದ್ದು ನಾಲ್ಕೇ ರೇಖೆಗಳು. ಐದನೆಯದನ್ನು ವಿದ್ಯಾರ್ಥಿ ತಾನೇ ಊಹಿಸಬೇಕಿತ್ತು. ಚಿತ್ರದ ವಿಷಯದಲ್ಲಿ ನಾನು ಸೋಲೊಪ್ಪುತ್ತೇನೆ, ಸಾಧನೆಯ ವಿಷಯದಲ್ಲಿ ಅಲ್ಲ.

ಈಗಿನ ಹೊಸ ತೊಡಕಿನ ಬಗ್ಗೆ ಯಾರೂ ಮಾತೆತ್ತಲಿಲ್ಲ. ಮನೆಗೆಲಸದ ಪ್ರಶ್ನೆಯ ಫೋಟೊ ತೆಗೆದರೆ ಫೋನೇ ಸಾಧನೆ ಬರೆದುಕೊಡುತ್ತದೆ. ಅದನ್ನು ತಡೆಯಲು ಹೊರಡುವುದು ಗಾಳಿಯನ್ನು ಮೂಟೆ ಕಟ್ಟಿದಂತೆ. ತಪ್ಪಿರುವ ಸಾಧನೆಯನ್ನೇ ಕೊಟ್ಟು, ತಪ್ಪು ಯಾವ ಸಾಲಿನಲ್ಲಿದೆ ಎಂದು ತರಗತಿಯಲ್ಲಿ ಎದುರಿಗೆ ಕೂರಿಸಿ ಕೇಳಿ. ನಾನು ಬಳಸುತ್ತಿದ್ದ ಹಳೆಯ ಉದಾಹರಣೆ ಇದು: "ಸಮ್ಮಿತ ಮತ್ತು ಸಂಕ್ರಾಮಕವಾದ ಪ್ರತಿಯೊಂದು ಸಂಬಂಧವೂ ಪ್ರತಿಫಲನಶೀಲ, ಎಂದರೆ ಪ್ರತಿಯೊಂದಕ್ಕೂ ತನ್ನ ಜೊತೆಗೇ ಸಂಬಂಧವಿದೆ. ಏಕೆಂದರೆ 'ಅ' ಎಂಬುದಕ್ಕೆ 'ಬ' ಜೊತೆ ಸಂಬಂಧವಿದ್ದರೆ, ಸಮ್ಮಿತಿಯಿಂದ 'ಬ'ಗೆ 'ಅ' ಜೊತೆ ಸಂಬಂಧವಿದೆ. ಸಂಕ್ರಮಣದಿಂದ 'ಅ'ಗೆ 'ಅ' ಜೊತೆಗೇ ಸಂಬಂಧವಿದೆ." ಪ್ರತಿ ಹೆಜ್ಜೆಯೂ ನೆಟ್ಟಗೆ ಕಾಣುತ್ತದೆ. ಆದರೆ 'ಅ'ಗೆ ಯಾರ ಜೊತೆಗೂ ಸಂಬಂಧವೇ ಇಲ್ಲದಿದ್ದರೆ? "ಇದ್ದರೆ" ಎಂಬ ಒಂದು ಪದದೊಳಗೆ ಕಳ್ಳ ಅಡಗಿದ್ದಾನೆ. ಒಳ್ಳೆಯ ಅಂಕ ತೆಗೆಯುವವರೂ ಇಲ್ಲಿ ಎಡವುವುದನ್ನು ಕಂಡಿದ್ದೇನೆ. ಬೇಕಿದ್ದರೆ ಯಂತ್ರದಿಂದಲೇ ಹತ್ತು ಸಾಧನೆ ಬರೆಸಿ ತನ್ನಿ, ನಾಲ್ಕರಲ್ಲಿ ಒಂದೊಂದು ಸಾಲು ಕೆಡಿಸಿ ಹಂಚಿ. ಯಾವ ನಾಲ್ಕು ಕೆಟ್ಟಿವೆ ಎಂಬುದನ್ನು ಅವರು ಹುಡುಕಲಿ.

ಬೆಂಗಳೂರಿನ ಓದುಗ

ಸಾಧನೆಯನ್ನು ಸ್ಟ್ಯಾಕ್ ತಿದ್ದಲಾರದು ಎಂದು ರೈನ್ ತೀರದವರು ಬರೆದಿದ್ದಾರೆ. ಸಾಮಾನ್ಯ ಬರಹದ ಮಟ್ಟಿಗೆ ಅದು ಸರಿ. ಆದರೆ ಯಂತ್ರದ ಭಾಷೆಯಲ್ಲಿ ಬರೆದರೆ ಪ್ರತಿ ಹೆಜ್ಜೆಯನ್ನೂ ಪರೀಕ್ಷಿಸುವ ಲೀನ್ ಎಂಬ ವ್ಯವಸ್ಥೆ ಇದೆ. ಅದರ ಬಾಗಿಲಾಗಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಕೆವಿನ್ ಬಝರ್ಡ್ ಮತ್ತು ಅವರ ಸಂಗಡಿಗರು 2019ರಲ್ಲಿ ಸ್ವಾಭಾವಿಕ ಸಂಖ್ಯೆಗಳ ಒಂದು ಆಟವನ್ನು ಮಾಡಿದರು. ಸೊನ್ನೆ ಮತ್ತು "ಮುಂದಿನ ಸಂಖ್ಯೆ" ಎಂಬ ಎರಡರಿಂದ ಹೊರಟು, ಕೂಡುವಿಕೆಯಲ್ಲಿ ಕ್ರಮ ಬದಲಿಸಿದರೂ ಮೊತ್ತ ಬದಲಾಗದು ಎಂಬುದನ್ನು ಗಣಿತೀಯ ಅನುಗಮನದಿಂದ (ಇಂಡಕ್ಷನ್) ಆಟಗಾರ ತಾನೇ ಸಾಧಿಸಬೇಕು. ಬ್ರೌಸರಿನಲ್ಲಿಯೇ ಆಡಬಹುದು, ಏನನ್ನೂ ಹಾಕಿಕೊಳ್ಳಬೇಕಿಲ್ಲ.

ನಾನು ಇದನ್ನು ಎರಡು ತಂಡಗಳಿಗೆ ಆಡಿಸಿದ್ದೇನೆ. ಅನುಗಮನದಲ್ಲಿ "ಕೆಗೆ ನಿಜವೆಂದು ಭಾವಿಸೋಣ" ಎಂದು ಯಾಂತ್ರಿಕವಾಗಿ ಬರೆಯುತ್ತಿದ್ದವರಿಗೆ, ಆ ಊಹೆ ಎಲ್ಲಿ ಬಳಕೆಯಾಯಿತು ಎಂದು ಮೊದಲ ಬಾರಿಗೆ ಕಣ್ಣೆದುರು ಕಂಡಿತು. ತೊಡಕೂ ಇದೆ: ಕೆಲವರು ಅರ್ಥ ಮಾಡಿಕೊಳ್ಳದೆ ಆಜ್ಞೆಗಳನ್ನು ಒಂದಾದ ಮೇಲೊಂದು ಒತ್ತಿ ಬೀಗ ತೆರೆಯುತ್ತಾರೆ. ಅದಕ್ಕಾಗಿ ಗೆದ್ದ ಪ್ರತಿ ಹಂತವನ್ನೂ ಕಾಗದದ ಮೇಲೆ ನಾಲ್ಕು ಕನ್ನಡ ವಾಕ್ಯಗಳಲ್ಲಿ ಬರೆಯಬೇಕೆಂಬ ಷರತ್ತು ಹಾಕಿದ್ದೇನೆ.

ಸೀಮಾರೇಖೆ

ಮೂರು ವಾರಗಳ ನಂತರ ಮರಳಿ ಬರೆಯುತ್ತಿದ್ದೇನೆ. ಪೂರ್ಣ ಉಪನ್ಯಾಸದ ಕೊಂಡಿ ಕಳುಹಿಸುವುದನ್ನು ನಿಲ್ಲಿಸಿದ್ದೇನೆ. ವಾರಕ್ಕೆ ಎರಡೇ ತುಣುಕು, ಪ್ರತಿಯೊಂದೂ ಹತ್ತು ನಿಮಿಷದೊಳಗೆ, ಜೊತೆಗೆ ಚೀಟಿ. ಮರುದಿನ ಬೆಳಿಗ್ಗೆ ನಾನು ಕೇಳುವುದು ಚೀಟಿಯನ್ನೂ ಅದರ ಹಿಂಬದಿಯ ಕಚ್ಚಾ ಲೆಕ್ಕವನ್ನೂ. ಉತ್ತರ ಸರಿಯಿದ್ದು ಹಿಂಬದಿ ಖಾಲಿಯಿದ್ದರೆ ಅಂಕವಿಲ್ಲ, ಉತ್ತರ ತಪ್ಪಿದ್ದು ಹಿಂಬದಿ ತುಂಬಿದ್ದರೆ ಅರ್ಧ ಅಂಕ ಖಂಡಿತ. ಮೊದಲ ವಾರ ಇದಕ್ಕೆ ಭಾರಿ ಗೊಣಗಾಟ ಕೇಳಿಬಂತು, ವಿಶೇಷವಾಗಿ ಒಳ್ಳೆಯ ಅಂಕದವರಿಂದ.

ನಿನ್ನೆ ಹಳೆಯ ಪ್ರಶ್ನೆಯ ತಮ್ಮನನ್ನೇ ಕೊಟ್ಟೆ: (2ಎನ್−1)/(ಎನ್+3) ಎಂಬುದು 2ಕ್ಕೆ ಅಭಿಸರಿಸುತ್ತದೆ ಎಂದು ತೋರಿಸಿ. 46ರಲ್ಲಿ 44 ಮಂದಿ ಬಂದಿದ್ದರು. ಪೂರ್ತಿ ಸರಿಯಾಗಿ ಬರೆದವರು 17. ಇನ್ನೂ 15 ಮಂದಿಯ ಹಿಂಬದಿಯಲ್ಲಿ 7/(ಎನ್+3) ಎಂಬುದು ಸಿಕ್ಕಿದೆ, ಆದರೆ ಅಲ್ಲಿಂದ ಮುಂಬದಿಗೆ ತರುವಾಗ ಕ್ರಮ ಹಿಂದುಮುಂದಾಗಿದೆ. ಉಳಿದ 12 ಮಂದಿ ಮೊದಲಿನ ಹಾಗೆಯೇ ಇದ್ದಾರೆ. ಇದು ಚೀಟಿಯ ಫಲವೋ, ಅದೇ ಬಗೆಯ ಲೆಕ್ಕ ಎರಡನೆಯ ಸಲ ಬಂದದ್ದರ ಫಲವೋ ಎಂದು ಖಚಿತವಾಗಿ ಹೇಳಲಾರೆ. ಆ 12 ಮಂದಿಯನ್ನು ಶನಿವಾರ ಮಧ್ಯಾಹ್ನ ಕೂರಿಸಿಕೊಂಡಿದ್ದೇನೆ. ಅಲ್ಲಿ ಫೋನೂ ಇಲ್ಲ, ವಿಡಿಯೊವೂ ಇಲ್ಲ, ಪ್ರಾಧ್ಯಾಪಕರ ಸುಣ್ಣದ ಕಡ್ಡಿ ಮಾತ್ರ, ಅದೂ ವಿದ್ಯಾರ್ಥಿಗಳ ಕೈಯಲ್ಲಿ.

ಅತಿಥಿ ಉಪನ್ಯಾಸಕರು ಕೇಳಿದಂತೆ, ನಾನು ಮಾಡಿದ ಆರು ಚೀಟಿಗಳನ್ನು ಕೈಬರಹದಲ್ಲಿಯೇ ಸ್ಕ್ಯಾನ್ ಮಾಡಿ ಈ ವೇದಿಕೆಯ ಕಡತ ವಿಭಾಗಕ್ಕೆ ಹಾಕಿದ್ದೇನೆ. ನಾಲ್ಕನೆಯದರಲ್ಲಿ ನಿಲುಗಡೆಯ ಸೆಕೆಂಡು ತಪ್ಪಾಗಿದೆ, ಉತ್ತರ ಬಂದ ಮೇಲೆ ನಿಲ್ಲುತ್ತದೆ. ಬಳಸುವ ಮೊದಲು ಒಮ್ಮೆ ನೋಡಿಕೊಳ್ಳಿ. ಮುಂದಿನ ಘಟಕ ರೀಮಾನ್ ಅನುಕಲನ. ಮೇಲಿನ ಮೊತ್ತ, ಕೆಳಗಿನ ಮೊತ್ತಗಳಿಗೆ ಯಾರಾದರೂ ಈಗಾಗಲೇ ಚೀಟಿ ಮಾಡಿದ್ದರೆ ಭಾನುವಾರದೊಳಗೆ ಹಾಕಿ.